ಕಚ್ಚುವ ನುಸಿಗಳ ರೆಕ್ಕೆಯ ಮಚ್ಚೆಗಳು: ಪ್ರಭೇದ ನಿರ್ಣಯದಲ್ಲಿ ಅವುಗಳ ಸ್ಥಾನ

ಮಳೆಗಾಲ ಹಿಂದೆಗೆಯುವ ದಿನಗಳಲ್ಲಿ, ಹೊತ್ತು ಮುಳುಗುವ ಸಮಯಕ್ಕೆ, ದನದ ಕೊಟ್ಟಿಗೆಯ ಬಳಿಯಲ್ಲೋ ಕುರಿಯ ಹಟ್ಟಿಯ ಬಳಿಯಲ್ಲೋ ನಿಂತವರಿಗೆ ಒಂದು ಅನುಭವವು ಪರಿಚಿತವಾಗಿಯೇ ಇರಬೇಕು. ಮುಂಗೈಯ ಮೇಲೆ ಕಿಡಿ ಬಿದ್ದಂತೆ ಉರಿಯುತ್ತದೆ. ನೋಡಿದರೆ ಏನೂ ಕಾಣುವುದಿಲ್ಲ. ಕಣ್ಣನ್ನು ಕಿರಿದು ಮಾಡಿ ಮತ್ತೊಮ್ಮೆ ನೋಡಿದರೆ ಮಸಿಯ ಚುಕ್ಕೆಯಂಥದೊಂದು ಕೂತಿರುತ್ತದೆ. ಒರೆಸಿದರೆ ಚುಕ್ಕೆ ಹೋಗುತ್ತದೆ, ತುರಿ ಮಾತ್ರ ಎರಡು ದಿನ ಉಳಿಯುತ್ತದೆ. ಸೊಳ್ಳೆಯ ಪರದೆಯೊಳಗೆ ಮಲಗಿದವನನ್ನೂ ಇದು ಬಿಡದು. ಸಾಮಾನ್ಯ ಪರದೆಯ ಕಣ್ಣುಗಳು ಇದಕ್ಕೆ ಹೆಬ್ಬಾಗಿಲುಗಳಿದ್ದಂತೆ.

ನಮ್ಮ ಜನ ಇದನ್ನು ನುಸಿ ಎಂದು ಕರೆಯುತ್ತಾರೆ. ಕೆಲವು ಕಡೆ ಗುಂಗುರು ಎಂಬ ಹೆಸರೂ ಉಂಟು. ಆದರೆ ನುಸಿಯೆಂಬ ಮಾತು ಬಹಳ ಉದಾರವಾದುದು. ಬೇಳೆಗೆ ಹಿಡಿಯುವುದೂ ನುಸಿಯೇ, ಕಣ್ಣಿನ ಮುಂದೆ ಸುಳಿಯುವುದೂ ನುಸಿಯೇ, ರಕ್ತ ಹೀರುವುದೂ ನುಸಿಯೇ. ಈ ಲೇಖನದಲ್ಲಿ ನಾನು ಹೇಳಹೊರಟಿರುವುದು ಇವುಗಳಲ್ಲಿ ಕೊನೆಯದನ್ನು ಕುರಿತು, ಅದರಲ್ಲಿಯೂ ಕ್ಯೂಲಿಕಾಯ್ಡಿಸ್ ಎಂಬ ಒಂದು ಕುಲವನ್ನು ಕುರಿತು. ಸೆರಟೊಪೊಗೊನಿಡೇ ಎಂಬ ಕುಟುಂಬಕ್ಕೆ ಸೇರಿದ ಈ ಕುಲವನ್ನು ಫ್ರಾನ್ಸಿನ ಲಾತ್ರೇಯ್ ಎಂಬ ವಿದ್ವಾಂಸನು ೧೮೦೯ರಲ್ಲಿ ಸ್ಥಾಪಿಸಿದನು. ಸೊಳ್ಳೆಯನ್ನು ಹೋಲುವಂಥದು ಎಂಬುದೇ ಆ ಹೆಸರಿನ ಅರ್ಥ. ಹೋಲಿಕೆಯೇನೋ ಉಂಟು, ಆದರೆ ಗಾತ್ರದಲ್ಲಿ ಅಲ್ಲ: ಇದರ ಉದ್ದ ೧ರಿಂದ ೩ ಮಿಲಿಮೀಟರ್. ಜಗತ್ತಿನಲ್ಲಿ ಇದುವರೆಗೆ ವರ್ಣಿತವಾದ ಕ್ಯೂಲಿಕಾಯ್ಡಿಸ್ ಪ್ರಭೇದಗಳು ೧೩೦೦ಕ್ಕೂ ಹೆಚ್ಚು. ಸೊಳ್ಳೆಯಲ್ಲಿರುವಂತೆ ಇಲ್ಲಿಯೂ ರಕ್ತ ಹೀರುವುದು ಹೆಣ್ಣು ಮಾತ್ರ. ಮೊಟ್ಟೆಗಳು ಬಲಿಯಲು ಅದಕ್ಕೆ ರಕ್ತ ಬೇಕು. ಗಂಡಿನ ಮೀಸೆಗಳು ಗರಿಗರಿಯಾಗಿ ಕುಚ್ಚಿನಂತಿರುತ್ತವೆ; ಅದು ಯಾರ ತಂಟೆಗೂ ಬರುವುದಿಲ್ಲ.

ಒಂದು ಮಿಲಿಮೀಟರಿನ ಹುಳುವಿನಲ್ಲಿ ಸಾವಿರಕ್ಕೂ ಮೇಲ್ಪಟ್ಟು ಪ್ರಭೇದಗಳಿದ್ದರೆ ನಮಗೇನಾಯಿತು, ಇದು ಹೆಸರಿಡುವ ಚಪಲದವರ ಮಾತಲ್ಲವೇ ಎಂದು ವಾಚಕರು ಕೇಳಬಹುದು. ಇದಕ್ಕೆ ಉತ್ತರವನ್ನು ಕುರಿಗಳಿಂದ ಪಡೆಯಬೇಕಾಗುತ್ತದೆ.

ದಕ್ಷಿಣ ಆಫ್ರಿಕದ ಬೋಅರ್ ರೈತರು ತಮ್ಮ ಕುರಿಗಳಿಗೆ ಬರುತ್ತಿದ್ದ ಒಂದು ರೋಗವನ್ನು ನೀಲಿ ನಾಲಿಗೆ ಎಂದು ಕರೆಯುತ್ತಿದ್ದರು. ಜ್ವರ ಏರುತ್ತದೆ, ತುಟಿ ಮುಖಗಳು ಬಾತುಕೊಳ್ಳುತ್ತವೆ, ಬಾಯಿ ಹುಣ್ಣಾಗುತ್ತದೆ, ಗೊರಸಿನ ಮೇಲಣ ಅಂಚು ಕೆಂಪೇರಿ ಕುರಿ ಕುಂಟುತ್ತದೆ. ಕೆಲವೊಮ್ಮೆ ನಾಲಿಗೆ ಊದಿ ನೀಲಿಗಟ್ಟುತ್ತದೆ. ಮೇಲುನೋಟಕ್ಕೆ ಒಂದರಿಂದ ಇನ್ನೊಂದಕ್ಕೆ ಅಂಟಿದಂತೆ ಕಾಣುವುದಾದರೂ, ರೋಗಿ ಕುರಿಯನ್ನು ಆರೋಗ್ಯದ ಕುರಿಯ ಮಗ್ಗುಲಲ್ಲಿ ಕಟ್ಟಿದ ಮಾತ್ರಕ್ಕೆ ಇದು ಹರಡುವುದಿಲ್ಲ. ರಾತ್ರಿ ಬಯಲಿನಲ್ಲಿ ಬಿಟ್ಟ ಕುರಿಗಳಿಗೆ ಹೆಚ್ಚು, ಒಳಗೆ ಕೂಡಿದವಕ್ಕೆ ಕಡಿಮೆ ಎಂಬುದನ್ನು ರೈತರೇ ಕಂಡುಕೊಂಡಿದ್ದರು. ಹೀಗಿರಲಾಗಿ ರಾತ್ರಿ ಹಾರುವ ಯಾವುದೋ ಕೀಟವೇ ಇದರ ವಾಹಕವೆಂದು ಊಹಿಸಲಾಗಿತ್ತು. ಸಂಶಯವು ಬಹುಮಟ್ಟಿಗೆ ಸೊಳ್ಳೆಗಳ ಮೇಲೆಯೇ ಇತ್ತು. ಆಂಡರ್‌ಸ್ಟೆಪೋರ್ಟಿನ ಸಂಶೋಧನಾಲಯದಲ್ಲಿ ಕೆಲಸ ಮಾಡುತ್ತಿದ್ದ ಡು ಟಾಯ್ಟ್ ೧೯೪೪ರಲ್ಲಿ, ಸೊಳ್ಳೆಯನ್ನು ಬಿಟ್ಟು ನುಸಿಯನ್ನು ಹಿಡಿದನು. ದೀಪಕ್ಕೆ ಬಂದ ನುಸಿಗಳನ್ನು ಅರೆದು ಆ ದ್ರವವನ್ನು ಕುರಿಗೆ ಚುಚ್ಚಿದಾಗ ಕುರಿಗೆ ನೀಲಿ ನಾಲಿಗೆ ಬಂದಿತು. ಅಂದು ಅವನು ಆ ನುಸಿಗೆ ಬಳಸಿದ ಹೆಸರು ಕ್ಯೂಲಿಕಾಯ್ಡಿಸ್ ಪ್ಯಾಲಿಡಿಪೆನ್ನಿಸ್. ಲ್ಯಾಟಿನಿನಲ್ಲಿ ಇದರ ಅರ್ಥ ಮಸಕು ರೆಕ್ಕೆಯದು ಎಂದು. ೧೯೨೦ರಲ್ಲಿ ಇಟ್ಟ ಈ ಹೆಸರು, ೧೯೧೩ರಲ್ಲೇ ಕೀಫರ್ ಎಂಬಾತನು ವರ್ಣಿಸಿದ್ದ ಇಮಿಕೋಲ ಎಂಬುದಕ್ಕೆ ಎರಡನೆಯ ಸಲ ಇಟ್ಟ ಹೆಸರೆಂದು ಮುಂದೆ ತಿಳಿದುದರಿಂದ ಈಗ ಅದನ್ನು ಕ್ಯೂಲಿಕಾಯ್ಡಿಸ್ ಇಮಿಕೋಲ ಎಂದೇ ಕರೆಯುವುದು ರೂಢಿ.

ಮಹಾರಾಷ್ಟ್ರದಲ್ಲಿ ನೆಲೆಸಿರುವ ನಮ್ಮಂಥವರಿಗೆ ಇದು ದೂರದ ಕತೆಯಲ್ಲ. ಭಾರತದಲ್ಲಿ ಈ ರೋಗವು ಮೊದಲು ವರದಿಯಾದುದು ಇದೇ ಮಹಾರಾಷ್ಟ್ರದಿಂದ, ೧೯೬೪ರಲ್ಲಿ. ಅಲ್ಲಿಂದ ಈಚೆಗೆ ಕರ್ನಾಟಕ, ಆಂಧ್ರ, ತಮಿಳುನಾಡುಗಳ ಕುರಿಗಳನ್ನು ಇದು ಮೇಲಿಂದ ಮೇಲೆ ಕಾಡುತ್ತ ಬಂದಿದೆ; ಮಳೆ ಚೆನ್ನಾಗಿ ಬಿದ್ದ ವರ್ಷಗಳಲ್ಲಿ ಕಾಟ ಹೆಚ್ಚು. ಮಳೆಯನ್ನು ಹಾರೈಸುವ ಕುರುಬನಿಗೆ ಮಳೆಯೇ ಮುಳುವಾಗುವ ಈ ವಿಪರ್ಯಾಸಕ್ಕೆ ನಡುವಿನ ಕೊಂಡಿಯೆಂದರೆ ಹಸಿಮಣ್ಣಿನಲ್ಲಿ ಬೆಳೆಯುವ ನುಸಿ. ಯೂರೋಪಿನಲ್ಲಿ ೨೦೦೬ರ ಆಗಸ್ಟಿನಲ್ಲಿ ನೆದರ್‌ಲೆಂಡ್ಸ್, ಬೆಲ್ಜಿಯಂ, ಜರ್ಮನಿಗಳಲ್ಲಿ ಇದ್ದಕ್ಕಿದ್ದಂತೆ ಈ ರೋಗ ಕಾಣಿಸಿಕೊಂಡಾಗ ವಿಜ್ಞಾನಿಗಳು ಬೆರಗಾದರು. ಕಾರಣ, ಇಮಿಕೋಲವು ಅಷ್ಟು ಉತ್ತರದಲ್ಲಿ ಇರುವ ನುಸಿಯೇ ಅಲ್ಲ. ಅಲ್ಲಿನ ಸ್ಥಳೀಯ ನುಸಿಗಳೇ ರೋಗವನ್ನು ಹೊತ್ತಿದ್ದವು. ಯಾವುವು ಆ ನುಸಿಗಳು ಎಂಬ ಪ್ರಶ್ನೆ ಬಂದೊಡನೆ ಎಲ್ಲರೂ ಸೂಕ್ಷ್ಮದರ್ಶಕದ ಕಡೆಗೆ ಓಡಬೇಕಾಯಿತು.

ಎಲ್ಲ ನುಸಿಗಳೂ ರೋಗವನ್ನು ಹೊರಲಾರವು ಎಂಬುದು ಇಲ್ಲಿನ ಮುಖ್ಯ ಸಂಗತಿ. ರೋಗಾಣುವುಳ್ಳ ರಕ್ತ ಹೊಟ್ಟೆಗೆ ಹೋದರಷ್ಟೇ ಸಾಲದು. ಅದು ಕರುಳಿನ ಗೋಡೆಯನ್ನು ದಾಟಿ, ಒಳಗೆ ವೃದ್ಧಿಯಾಗಿ, ಜೊಲ್ಲಿನ ಗ್ರಂಥಿಯನ್ನು ಮುಟ್ಟಬೇಕು. ಕೆಲವು ಪ್ರಭೇದಗಳಲ್ಲಿ ಇದು ನಡೆಯುತ್ತದೆ, ಕೆಲವುಗಳಲ್ಲಿ ನಡೆಯುವುದಿಲ್ಲ. ಕೆಲವು ಪ್ರಭೇದಗಳು ಕುರಿ ದನಗಳನ್ನು ಕಚ್ಚುತ್ತವೆ, ಕೆಲವು ಹಕ್ಕಿಗಳನ್ನು. ೧೯೨೨ರಲ್ಲಿ ಎಡ್ವರ್ಡ್ಸ್ ವರ್ಣಿಸಿದ ಅನಾಫೆಲಿಸ್ ಎಂಬ ನುಸಿಯಂತೂ ರಕ್ತ ಕುಡಿದು ಉಬ್ಬಿದ ಸೊಳ್ಳೆಯ ಮೇಲೆ ಕೂತು ಅದರ ಹೊಟ್ಟೆಗೇ ಸೊಂಡಿಲು ನೆಡುತ್ತದೆ; ಕಳ್ಳನ ಮನೆಗೆ ಕನ್ನ ಹಾಕುವ ಜಾಣತನ ಅದರದು. ಇನ್ನು ಮರಿಹುಳುಗಳ ವಾಸ. ಕೆಲವು ಸಗಣಿಯ ಹೆಂಟೆಯೊಳಗೇ ಬೆಳೆಯುತ್ತವೆ. ಇಮಿಕೋಲವು ಗೊಬ್ಬರ ಬೆರೆತ ತೇವದ ಮಣ್ಣನ್ನು ಬಯಸುತ್ತದೆ. ಕೊಳೆತ ಹಣ್ಣಿನಲ್ಲಿ ಬೆಳೆಯುವವೂ ಉಂಟು. ಆದುದರಿಂದ ಸಗಣಿಯಲ್ಲಿ ಬೆಳೆಯುವ ನುಸಿಯೇ ರೋಗವಾಹಕವಾದ ಊರಿನಲ್ಲಿ ಸಗಣಿಯನ್ನು ಹರಡಿ ಒಣಗಿಸಿದರೆ ಪ್ರಯೋಜನವುಂಟು. ಇಮಿಕೋಲವಿರುವ ಊರಿನಲ್ಲಿ ಅದೇ ಶ್ರಮ ವ್ಯರ್ಥ, ಅಲ್ಲಿ ಸೋರುವ ನೀರಿನ ತೊಟ್ಟಿಯನ್ನು ದುರಸ್ತಿ ಮಾಡಬೇಕು. ಹೆಸರು ತಪ್ಪಿದರೆ ಕೆಲಸವೂ ತಪ್ಪುತ್ತದೆ.

ಈಗ ರೆಕ್ಕೆಗೆ ಬರೋಣ. ಒಂದು ಮಿಲಿಮೀಟರಿನ ಹುಳುವಿನಲ್ಲಿ ಬೇರೆಲ್ಲವನ್ನೂ ಬಿಟ್ಟು ರೆಕ್ಕೆಯನ್ನೇ ಏಕೆ ನೋಡಬೇಕು? ಕಾರಣ ಬಹಳ ವ್ಯಾವಹಾರಿಕವಾದುದು. ಮೀಸೆಯ ಗೆಣ್ಣುಗಳನ್ನೂ ಬಾಯಿಯ ಅಂಗಗಳನ್ನೂ ಹೊಟ್ಟೆಯೊಳಗಿನ ವೀರ್ಯಕೋಶಗಳನ್ನೂ ನೋಡಬೇಕಾದರೆ ನುಸಿಯನ್ನು ಬಿಡಿಸಿ, ಸ್ವಚ್ಛಗೊಳಿಸಿ, ಕೆನಡಾ ಬಾಲ್ಸಮ್ ಎಂಬ ಅಂಟಿನಲ್ಲಿ ಗಾಜಿನ ಮೇಲೆ ಕೂಡಿಸಬೇಕು. ಪಳಗಿದ ಕೈಗೂ ಒಂದು ನುಸಿಗೆ ಸಾಕಷ್ಟು ಹೊತ್ತು ಹಿಡಿಯುತ್ತದೆ. ನೇರಿಳಾತೀತ ದೀಪವನ್ನೂ ಗಾಳಿ ಎಳೆಯುವ ಬೀಸಣಿಗೆಯನ್ನೂ ಉಳ್ಳ ಒಂದು ಬೋನನ್ನು ಕೊಟ್ಟಿಗೆಯ ಬಳಿ ತೂಗುಹಾಕಿದರೆ ಒಂದೇ ರಾತ್ರಿಯಲ್ಲಿ ಸಾವಿರಗಟ್ಟಲೆ ನುಸಿಗಳು ಬೀಳುತ್ತವೆ. ಅವನ್ನೆಲ್ಲ ಗಾಜಿಗೆ ಏರಿಸುತ್ತ ಕೂತರೆ ಒಂದು ಇರುಳಿನ ಬೇಟೆಗೆ ಒಂದು ವರ್ಷ ಬೇಕು. ರೆಕ್ಕೆಯಾದರೋ ಮದ್ಯಸಾರದಲ್ಲಿ ತೇಲುತ್ತಿರುವ ನುಸಿಯ ಬೆನ್ನ ಮೇಲೆಯೇ ಹರಡಿ ಕೂತಿರುತ್ತದೆ. ಕಡಿಮೆ ಶಕ್ತಿಯ ಸೂಕ್ಷ್ಮದರ್ಶಕದಲ್ಲಿ, ಹುಳುವಿಗೆ ಕೈ ಸೋಕಿಸದೆ, ಅದನ್ನು ಓದಬಹುದು.

ಓದುವುದಕ್ಕೆ ಏನಿದೆ? ಮೊದಲು ಸಿರೆಗಳು. ರೆಕ್ಕೆಯ ಮುಂದಿನ ಅಂಚನ್ನು ಬಲಪಡಿಸುವ ದಪ್ಪ ಸಿರೆಯೊಂದು ಬುಡದಿಂದ ಹೊರಟು ರೆಕ್ಕೆಯ ಅರ್ಧವನ್ನು ದಾಟಿ ನಿಂತುಹೋಗುತ್ತದೆ. ಅದರ ಕೆಳಗೆ, ಅದಕ್ಕೆ ತಾಗಿದಂತೆಯೇ, ಎರಡು ಪುಟ್ಟ ಆವರಣಗಳಿವೆ. ಸಿರೆಗಳ ನಡುವಣ ಇಂಥ ಆವರಣಗಳಿಗೆ ಕೋಶವೆಂಬ ಮಾತನ್ನು ಬಳಸುವವರುಂಟು. ಆದರೆ ಜೀವಕೋಶವೆಂಬ ಅರ್ಥದಲ್ಲಿ ಅದು ಆಗಲೇ ನೆಲೆಗೊಂಡಿರುವುದರಿಂದ ನಾನು ಮನೆ ಎಂಬ ಮಾತನ್ನು ಆರಿಸಿಕೊಂಡಿದ್ದೇನೆ. ಪಗಡೆಯ ಹಾಸಿನಲ್ಲಿ ಗೆರೆಗಳ ನಡುವಿನ ಸ್ಥಳಕ್ಕೆ ನಾವು ಮನೆಯೆನ್ನುವುದಿಲ್ಲವೇ? ಮೇಲೆ ಹೇಳಿದ ಎರಡು ಮನೆಗಳಿಗೆ ಇಂಗ್ಲಿಷಿನಲ್ಲಿ ರೇಡಿಯಲ್ ಎಂಬ ವಿಶೇಷಣವಿದೆ. ಅದಕ್ಕೆ ಅರ ಎಂಬುದು ಸರಿಯಾದ ಕನ್ನಡವೇ ಹೌದು. ಆದರೆ ಅರದ ಮನೆಯು ಅರಮನೆಯಾಗಿಬಿಡುವ ಅಪಾಯವಿರುವುದರಿಂದ ಆ ಸಾಹಸವನ್ನು ಕೈಬಿಟ್ಟು ರೇಡಿಯಲ್ ಮನೆ ಎಂದೇ ಉಳಿಸಿಕೊಂಡಿದ್ದೇನೆ. ಇವುಗಳ ಕೆಳಗೆ ನಡುಸಿರೆಯ ಎರಡು ಕವಲುಗಳು ರೆಕ್ಕೆಯ ತುದಿಯತ್ತ ಹರಿಯುತ್ತವೆ. ಇನ್ನೂ ಕೆಳಗೆ ಮತ್ತೊಂದು ಸಿರೆ ಕವಲೊಡೆದು ಹಿಂದಿನ ಅಂಚನ್ನು ಸೇರುತ್ತದೆ. ಹೀಗೆ ಇಡೀ ರೆಕ್ಕೆಯು ಕೆಲವು ಮನೆಗಳಾಗಿ ಭಾಗವಾಗುತ್ತದೆ. ಈ ವಿನ್ಯಾಸವು ಕುಲದಲ್ಲೆಲ್ಲ ಹೆಚ್ಚುಕಡಿಮೆ ಒಂದೇ. ಅದೇ ಅದರ ಉಪಯೋಗ: ಭೂಪಟದ ಅಕ್ಷಾಂಶ ರೇಖಾಂಶಗಳಂತೆ, ಮಚ್ಚೆ ಎಲ್ಲಿದೆಯೆಂದು ಹೇಳಲು ಅದು ಚೌಕಟ್ಟನ್ನು ಒದಗಿಸುತ್ತದೆ.

ಇನ್ನು ಬಣ್ಣ. ಬಣ್ಣವೆಂದರೆ ಚಿಟ್ಟೆಯ ರೆಕ್ಕೆಯ ವೈಭವವನ್ನು ನಿರೀಕ್ಷಿಸಬಾರದು. ಚಿಟ್ಟೆಯಲ್ಲಿ ಬಣ್ಣವಿರುವುದು ಉದುರುವ ಹುರುಪೆಗಳಲ್ಲಿ. ನುಸಿಯಲ್ಲಿ ಅದು ರೆಕ್ಕೆಯ ಪೊರೆಯಲ್ಲೇ ಸೇರಿಕೊಂಡಿದೆ. ಹೊಗೆಹಿಡಿದ ಗಾಜಿನಂಥ ಬೂದು ಕಂದು ಹಿನ್ನೆಲೆ. ಅದರ ಮೇಲೆ ಅಲ್ಲಲ್ಲಿ ಬಿಳಿದಾದ, ಕೆಲವೊಮ್ಮೆ ಹಳದಿ ಛಾಯೆಯ ಕಿಂಡಿಗಳು. ಪೊರೆಯ ಮೇಲೆಲ್ಲ ಧೂಳಿನಂತೆ ಅತಿಸಣ್ಣ ರೋಮಗಳೂ, ಕೆಲವು ಭಾಗಗಳಲ್ಲಿ ಉದ್ದವಾದ ರೋಮಗಳೂ ಇರುತ್ತವೆ. ಉದ್ದ ರೋಮಗಳು ರೆಕ್ಕೆಯ ತುದಿಯಲ್ಲಿ ಮಾತ್ರ ವಿರಳವಾಗಿವೆಯೋ ಬುಡದವರೆಗೂ ದಟ್ಟವಾಗಿ ಹಬ್ಬಿವೆಯೋ ಎಂಬುದನ್ನೂ ಗಮನಿಸಬೇಕು. ಆದರೆ ಪ್ರಥಮ ಸಾಕ್ಷಿ ಮಚ್ಚೆಗಳದೇ.

ಮಚ್ಚೆಗಳನ್ನು ಓದುವ ಕಣ್ಣು ಮೊದಲು ಹೋಗುವುದು ಎರಡನೆಯ ರೇಡಿಯಲ್ ಮನೆಗೆ. ಅದು ತುದಿಯವರೆಗೂ ಕಪ್ಪಾಗಿದೆಯೇ? ಅಥವಾ ಅದರ ಹೊರ ಅರ್ಧವು ಪಕ್ಕದ ಬಿಳಿಯ ಮಚ್ಚೆಯೊಳಗೆ ಸೇರಿಹೋಗಿದೆಯೇ? ಈ ಒಂದೇ ಪ್ರಶ್ನೆಯಿಂದ ಬೋನಿನ ನುಸಿಗಳನ್ನು ಎರಡು ರಾಶಿ ಮಾಡಬಹುದು. ಇಮಿಕೋಲ ಮತ್ತು ಅದರ ಬಳಗದವುಗಳಲ್ಲಿ ಆ ಮನೆಯ ಹೊರಭಾಗ ಬಿಳಿದು. ನಮ್ಮ ದೇಶದಲ್ಲಿ ದನಗಳ ಬಳಿ ಹೇರಳವಾಗಿ ಸಿಕ್ಕುವ ಆಕ್ಸಿಸ್ಟೋಮ, ಪೆರಿಗ್ರೈನಸ್ ಎಂಬ ಪ್ರಭೇದಗಳಲ್ಲಿ ಅದು ಪೂರ್ತಿ ಕಪ್ಪು. ಇದಾದಮೇಲೆ ಒಂದೊಂದೇ ಮನೆಯನ್ನು ವಿಚಾರಿಸಬೇಕು. ಎರಡನೆಯ ರೇಡಿಯಲ್ ಮನೆಯಾಚೆಗಿನ ಬಿಳಿಯ ಮಚ್ಚೆ ದುಂಡಾಗಿದೆಯೋ, ನಡು ಸಣ್ಣಗಾದ ಡಮರುಗದಂತಿದೆಯೋ, ಎರಡಾಗಿ ಒಡೆದಿದೆಯೋ. ನಡುಸಿರೆಗಳ ತುದಿಯು ಅಂಚನ್ನು ಮುಟ್ಟುವಲ್ಲಿ ಕಪ್ಪಾಗಿದೆಯೋ ಬಿಳಿದಾಗಿದೆಯೋ. ಬಿಳಿಯ ಮಚ್ಚೆಯು ಸಿರೆಯನ್ನು ಹತ್ತಿ ಆಚೀಚೆ ಕಾಲು ಚಾಚಿ ಕೂತಿದೆಯೋ, ಸಿರೆಯ ಒಂದೇ ಮಗ್ಗುಲಿಗೆ ನಿಂತಿದೆಯೋ. ಇಂಥ ಹತ್ತು ಹನ್ನೆರಡು ಪ್ರಶ್ನೆಗಳಿಗೆ ಉತ್ತರ ಸಿಕ್ಕುವಷ್ಟರಲ್ಲಿ ನುಸಿಯ ಹೆಸರು ಬಹುಮಟ್ಟಿಗೆ ಹೊರಬಿದ್ದಿರುತ್ತದೆ.

ಹಳೆಯ ವಿದ್ವಾಂಸರು ಹೆಸರಿಡುವಾಗಲೂ ರೆಕ್ಕೆಯನ್ನೇ ನೋಡಿದ್ದಾರೆ. ಪಂಕ್ಟೇಟಸ್ ಎಂದರೆ ಚುಕ್ಕೆಯುಳ್ಳದು. ನ್ಯೂಬೆಕ್ಯುಲೋಸಸ್ ಎಂದರೆ ಮೋಡದ ತುಣುಕುಗಳುಳ್ಳದು. ವೇರಿಪೆನ್ನಿಸ್ ಎಂದರೆ ಬಗೆಬಗೆಯ ಬಣ್ಣದ ರೆಕ್ಕೆಯದು. ಇದರಲ್ಲಿ ಎಡವಿದ್ದೂ ಉಂಟು. ಸ್ಕಾಟ್ಲೆಂಡಿನ ಬೆಟ್ಟಗಾಡಿನಲ್ಲಿ ಬೇಸಗೆಯ ಸಂಜೆಗಳನ್ನು ನರಕ ಮಾಡುವ ಪ್ರಸಿದ್ಧ ನುಸಿಗೆ ಇಂಪಂಕ್ಟೇಟಸ್, ಅಂದರೆ ಚುಕ್ಕೆಯಿಲ್ಲದ್ದು, ಎಂಬ ಹೆಸರು ಬಂದಿದೆ. ಅದರ ರೆಕ್ಕೆಯ ಮೇಲೆ ಮಚ್ಚೆಗಳು ಚೆನ್ನಾಗಿಯೇ ಇವೆ. ನಾಮಕರಣದ ನಿಯಮಗಳ ಪ್ರಕಾರ ಒಮ್ಮೆ ಇಟ್ಟ ಹೆಸರು ಸುಳ್ಳಾದ ಮಾತ್ರಕ್ಕೆ ಬದಲಾಗುವುದಿಲ್ಲ. ನಮ್ಮಲ್ಲಿ ಬಡವನಿಗೆ ಕುಬೇರಪ್ಪನೆಂಬ ಹೆಸರು ಉಳಿದಂತೆ ಅದೂ ಉಳಿದಿದೆ.

ಈ ವಿದ್ಯೆಯಲ್ಲಿ ನಾನು ಕಲಿತ ಮೊದಲ ಪಾಠವು ನನ್ನ ತಪ್ಪಿನಿಂದಲೇ ಬಂದುದು. ವಿದ್ಯಾರ್ಥಿಯಾಗಿದ್ದಾಗ ಒಂದು ಕುರಿಹಟ್ಟಿಯ ಬಳಿ ಹಿಡಿದ ನುಸಿಗಳನ್ನು ಎಣಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಎರಡು ದಿನ ಕಣ್ಣು ನೋಯುವವರೆಗೆ ಎಣಿಸಿ, ಎಲ್ಲವೂ ಒಂದೇ ಪ್ರಭೇದವೆಂದು ಬರೆದು, ಸಂಖ್ಯೆಯನ್ನು ದಪ್ಪಕ್ಷರದಲ್ಲಿ ಕಾಣಿಸಿದ್ದೆ. ಗುರುಗಳು ತಟ್ಟೆಯನ್ನು ಸೂಕ್ಷ್ಮದರ್ಶಕದ ಕೆಳಗೆ ಸರಿಸಿ, ಸೂಜಿಯಿಂದ ಹತ್ತು ನುಸಿಗಳನ್ನು ಎಡಕ್ಕೂ ನಾಲ್ಕನ್ನು ಬಲಕ್ಕೂ ನೂಕಿ, ನನ್ನನ್ನು ನೋಡಲು ಹೇಳಿದರು. ಎಡಗಡೆಯವುಗಳ ಎರಡನೆಯ ರೇಡಿಯಲ್ ಮನೆ ಕಪ್ಪು. ಬಲಗಡೆಯವುಗಳದು ಅರ್ಧ ಬಿಳಿದು. ನಾನು ಎರಡು ದಿನ ನೋಡಿದ್ದೂ ಅದೇ ರೆಕ್ಕೆಗಳನ್ನೇ. ಎಣಿಸುವುದಕ್ಕೆ ನೋಡಿದ್ದೆ, ಗುರುತಿಸುವುದಕ್ಕೆ ನೋಡಿರಲಿಲ್ಲ. ಮರುದಿನ ಮೊದಲಿನಿಂದ ಆರಂಭಿಸಬೇಕಾಯಿತು.

ನನ್ನ ತಪ್ಪಿನಿಂದ ಯಾರ ಕುರಿಯೂ ಸಾಯಲಿಲ್ಲ. ಆದರೆ ಒಂದು ರೆಕ್ಕೆಯನ್ನು ಇನ್ನೊಂದರಿಂದ ಬೇರ್ಪಡಿಸಿದ್ದರಿಂದ ರೋಗದ ತಿಳಿವಳಿಕೆಯೇ ಬದಲಾದ ಪ್ರಸಂಗಗಳಿವೆ. ದಕ್ಷಿಣ ಆಫ್ರಿಕದ ವಿಷಯವನ್ನೇ ನೋಡಿ. ಡು ಟಾಯ್ಟನ ಕಾಲದಿಂದ ಅಲ್ಲಿ ಎಲ್ಲ ಹೊಣೆಯೂ ಇಮಿಕೋಲದ ಮೇಲಿತ್ತು. ೧೯೮೯ರಲ್ಲಿ ರೂಡಿ ಮೈಸ್‌ವಿಂಕೆಲ್ ಎಂಬ ಕೀಟಜ್ಞನು ಇಮಿಕೋಲವನ್ನು ಹೊಸದಾಗಿ ವರ್ಣಿಸಿದನು. ಅದನ್ನು ಬಹಳ ಹೋಲುವ, ಆದರೆ ಕಾಡೆಮ್ಮೆ ಮತ್ತು ದನಗಳ ಸಗಣಿಯಲ್ಲಿ ಬೆಳೆಯುವ ಮತ್ತೊಂದಕ್ಕೆ ಬೊಲಿಟಿನೋಸ್ ಎಂಬ ಹೆಸರನ್ನೂ ಅದೇ ವರ್ಷ ಕೊಟ್ಟನು. ಎರಡರ ರೆಕ್ಕೆಗಳನ್ನು ಅಕ್ಕಪಕ್ಕದಲ್ಲಿಟ್ಟರೆ ಅಭ್ಯಾಸವಿಲ್ಲದ ಕಣ್ಣಿಗೆ ಭೇದ ತಿಳಿಯದು. ಸಿರೆಗಳ ಅಂಚಿನಲ್ಲಿ ಕಪ್ಪು ಎಷ್ಟು ದೂರ ಹರಿದಿದೆ, ಬಿಳಿಯ ಮಚ್ಚೆಯ ಗಡಿ ಎಲ್ಲಿ ಬಾಗಿದೆ ಎಂಬಂಥ ಸಣ್ಣ ವಿವರಗಳಲ್ಲಿ ಅದು ಅಡಗಿದೆ. ೧೯೯೮ರಲ್ಲಿ ಕ್ಲಾರೆನ್ಸ್ ಎಂಬ ತಂಪಾದ ಬೆಟ್ಟದೂರಿನಲ್ಲಿ ಆಫ್ರಿಕದ ಕುದುರೆ ಬೇನೆ ಕಾಣಿಸಿಕೊಂಡಿತು. ಇದೂ ನುಸಿಗಳಿಂದಲೇ ಹರಡುವ, ನೀಲಿ ನಾಲಿಗೆಗಿಂತಲೂ ಕ್ರೂರವಾದ ರೋಗ. ಅಲ್ಲಿ ಬೋನಿಗೆ ಬಿದ್ದ ನುಸಿಗಳಲ್ಲಿ ಇಮಿಕೋಲವು ತೀರ ವಿರಳವಾಗಿತ್ತು. ರೋಗಾಣು ದೊರೆತದ್ದು ಬೊಲಿಟಿನೋಸಿನಲ್ಲಿ. ಎರಡನ್ನೂ ಒಂದೇ ಎಂದು ಎಣಿಸುತ್ತಿದ್ದ ಕಾಲದಲ್ಲಿ ಈ ರೋಗ ಬಂದಿದ್ದರೆ ಎಲ್ಲರೂ ಇಮಿಕೋಲವೆಂದೇ ಬರೆದು, ತಂಪುನಾಡಿನಲ್ಲಿ ಅದು ಹೇಗೆ ಬದುಕಿತೆಂಬ ಇಲ್ಲದ ಒಗಟನ್ನು ಬಿಡಿಸುತ್ತ ಕೂತಿರುತ್ತಿದ್ದರು.

ಅಮೆರಿಕದ ಪ್ರಸಂಗದಲ್ಲಿ ರೆಕ್ಕೆ ಇಷ್ಟು ಧಾರಾಳವಾಗಿ ಸಹಾಯ ಮಾಡಲಿಲ್ಲ. ಅಲ್ಲಿ ನೀಲಿ ನಾಲಿಗೆಯ ವಾಹಕ ವೇರಿಪೆನ್ನಿಸ್ ಎಂದು ಬಹುಕಾಲ ತಿಳಿದಿದ್ದರು. ಆ ದೇಶದ ಈಶಾನ್ಯ ಭಾಗದಲ್ಲಿಯೂ ಆ ನುಸಿಯಿದೆ, ಆದರೆ ರೋಗವಿಲ್ಲ. ೧೯೫೭ರಲ್ಲಿ ವರ್ತ್ ಮತ್ತು ಜೋನ್ಸ್ ಎಂಬಿಬ್ಬರು ವೇರಿಪೆನ್ನಿಸ್ಸಿನಲ್ಲಿ ಉಪಪ್ರಭೇದಗಳನ್ನು ಬೇರ್ಪಡಿಸಿ, ಒಂದಕ್ಕೆ ಸೊನೊರೆನ್ಸಿಸ್ ಎಂದು ಹೆಸರಿಟ್ಟರು. ೨೦೦೦ದಲ್ಲಿ ಅದು ಸ್ವತಂತ್ರ ಪ್ರಭೇದವೆಂದು ಸಿದ್ಧವಾಯಿತು. ರೋಗವನ್ನು ಹೊರುವುದು ಸೊನೊರೆನ್ಸಿಸ್. ಈಶಾನ್ಯದಲ್ಲಿರುವುದು ನಿಜವಾದ ವೇರಿಪೆನ್ನಿಸ್, ಅದರ ವಾಹಕಶಕ್ತಿ ಅತ್ಯಲ್ಪ. ರೋಗವಿರುವ ಪ್ರದೇಶದ ದನಗಳನ್ನೂ ಅವುಗಳ ವೀರ್ಯವನ್ನೂ ಬೇರೆ ದೇಶಗಳು ಕೊಳ್ಳಲು ಹಿಂಜರಿಯುತ್ತವಾದ್ದರಿಂದ ಈ ಭೇದಕ್ಕೆ ವ್ಯಾಪಾರದ ಲೆಕ್ಕದಲ್ಲಿಯೂ ಬೆಲೆಯಿದೆ. ಆದರೆ ಈ ದಾಯಾದಿಗಳ ರೆಕ್ಕೆಗಳು ಎಷ್ಟು ಹೋಲುತ್ತವೆಂದರೆ ಮಚ್ಚೆಯನ್ನೊಂದನ್ನೇ ನಂಬಿದವನು ದಾರಿ ತಪ್ಪುವುದು ಖಂಡಿತ.

ಹಾಗಾದರೆ ಮಚ್ಚೆಯ ಮಾತನ್ನು ಎಲ್ಲಿಯವರೆಗೆ ನಂಬಬಹುದು? ಯೂರೋಪಿನ ಒಬ್ಸೊಲಿಟಸ್ ಎಂಬ ಗುಂಪು ಇದಕ್ಕೆ ಒಳ್ಳೆಯ ಪರೀಕ್ಷೆ. ೨೦೦೬ರ ರೋಗದಲ್ಲಿ ಸಂಶಯಕ್ಕೆ ಗುರಿಯಾದ ನುಸಿಗಳಲ್ಲಿ ೧೮೧೮ರಲ್ಲಿ ಮೈಗೆನ್ ವರ್ಣಿಸಿದ ಒಬ್ಸೊಲಿಟಸ್ಸೂ, ೧೯೫೨ರಲ್ಲಿ ಅದರಿಂದ ಬೇರೆಯಾದ ಸ್ಕಾಟಿಕಸ್ಸೂ ಸೇರಿದ್ದವು. ಇವೆರಡರ ಹೆಣ್ಣುಗಳನ್ನು ರೆಕ್ಕೆ ನೋಡಿ ಹೇಳುವುದು ಪ್ರಾಯಶಃ ಯಾರಿಂದಲೂ ಆಗದು. ಗಂಡುಗಳಾದರೆ ಜನನಾಂಗದಿಂದ ಸುಲಭವಾಗಿ ತಿಳಿಯುತ್ತವೆ. ಆದರೆ ಬೋನಿಗೆ ಬೀಳುವುದು ಹೆಚ್ಚಾಗಿ ಹೆಣ್ಣುಗಳೇ. ಅದೇ ಗುಂಪಿನ ಹತ್ತಿರದ ಡಿವುಲ್ಫಿ ಎಂಬ ಮತ್ತೊಂದು ಪ್ರಭೇದದಲ್ಲಿ ಎರಡು ವೀರ್ಯಕೋಶಗಳು ಒಂದಕ್ಕೊಂದು ಗಾತ್ರದಲ್ಲಿ ಸಮವಾಗಿಲ್ಲದಿರುವುದರಿಂದ ಸಂಶಯ ಪರಿಹಾರವಾಗುತ್ತದೆ. ಅದಕ್ಕೆ ಮಾತ್ರ ಹೊಟ್ಟೆಯನ್ನು ತೆರೆಯಲೇಬೇಕು.

ಬೇರೆ ತೊಡಕುಗಳೂ ಇವೆ. ಕುಲದಲ್ಲಿ ಮಚ್ಚೆಯೇ ಇಲ್ಲದ ಪ್ರಭೇದಗಳು ಅನೇಕ. ಅವುಗಳ ಮುಂದೆ ರೆಕ್ಕೆಯ ಪಂಡಿತನು ಮೌನಿಯಾಗುತ್ತಾನೆ. ಒಂದೇ ಪ್ರಭೇದದಲ್ಲಿಯೂ ಚಳಿಗಾಲದಲ್ಲಿ ಬೆಳೆದವು ಬೇಸಗೆಯವಕ್ಕಿಂತ ದೊಡ್ಡವಾಗಿರಬಹುದು. ಮದ್ಯಸಾರದಲ್ಲಿ ವರ್ಷಗಟ್ಟಲೆ ಇಟ್ಟರೆ ಬಣ್ಣ ಮಾಸುತ್ತದೆ; ಗಾಜಿಗೇರಿಸುವಾಗ ಬಳಸುವ ರಾಸಾಯನಿಕಗಳು ಪೊರೆಯನ್ನು ಇನ್ನಷ್ಟು ಪಾರದರ್ಶಕ ಮಾಡಿಬಿಡುತ್ತವೆ. ಆದುದರಿಂದ ಅನುಭವಿಗಳು ಒಂದು ರೆಕ್ಕೆಯನ್ನು ಮೊದಲೇ ಬಿಡಿಸಿ ಅದರ ಛಾಯಾಚಿತ್ರ ತೆಗೆದಿಡುತ್ತಾರೆ. ಬೆಳಕಿನ ವಿಷಯವೂ ಹಾಗೆಯೇ. ಕೆಳಗಿನಿಂದ ಬೆಳಕು ಕೊಟ್ಟರೆ ಒಂದು ರೂಪ, ಮೇಲಿನಿಂದ ಕೊಟ್ಟರೆ ಇನ್ನೊಂದು. ಕಪ್ಪು ಹಿನ್ನೆಲೆಯ ಮೇಲೆ ಇಟ್ಟು ನೋಡಿದರಂತೂ ತೆಳುವಾದ ಪೊರೆಯು ಸಾಬೂನಿನ ಗುಳ್ಳೆಯಂತೆ ಕಾಮನಬಿಲ್ಲಿನ ಬಣ್ಣಗಳನ್ನು ತೋರಿಸುತ್ತದೆ. ಪುಟ್ಟ ನೊಣಗಳ ಮತ್ತು ಕಣಜಗಳ ರೆಕ್ಕೆಯಲ್ಲಿ ಈ ಬಣ್ಣಗಳ ವಿನ್ಯಾಸವೂ ಆಯಾ ಪ್ರಭೇದಕ್ಕೆ ಸ್ಥಿರವಾಗಿರುವುದೆಂದು ೨೦೧೧ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತು. ನೂರಾರು ವರ್ಷ ಎಲ್ಲರ ಕಣ್ಣೆದುರಿಗೇ ಇದ್ದ ಬಣ್ಣಗಳು ಅವು. ಬಿಳಿಯ ಕಾಗದದ ಮೇಲೆ ಇಟ್ಟು ನೋಡುವ ಅಭ್ಯಾಸದಿಂದ ಯಾರೂ ಅವನ್ನು ಗಣನೆಗೆ ತಂದಿರಲಿಲ್ಲ.

ಮಾತಿನಲ್ಲಿ ಮಚ್ಚೆಯನ್ನು ವರ್ಣಿಸುವುದು ಕಷ್ಟ. ಮೇಲಿನ ಪುಟಗಳನ್ನು ಓದಿದವರಿಗೆ ಅದು ಮನವರಿಕೆಯಾಗಿರಬೇಕು. ಆದ್ದರಿಂದಲೇ ಈ ಶಾಸ್ತ್ರದಲ್ಲಿ ಚಿತ್ರಸಂಪುಟಗಳಿಗೆ ವಿಶೇಷ ಗೌರವ. ಉತ್ತರ ಅಮೆರಿಕದ ಪ್ರಭೇದಗಳ ರೆಕ್ಕೆಯ ಛಾಯಾಚಿತ್ರ ಸಂಪುಟವನ್ನು ವರ್ತ್ ಮತ್ತು ಸಂಗಡಿಗರು ೧೯೮೫ರಲ್ಲಿ ಹೊರತಂದರು. ಐಬೀರಿಯ ಪರ್ಯಾಯದ್ವೀಪದ ನುಸಿಗಳಿಗೆ ರಾಲಿಂಗ್ಸ್ ೧೯೯೬ರಲ್ಲಿ ರೆಕ್ಕೆಯ ವಿನ್ಯಾಸವನ್ನೇ ಆಧರಿಸಿ, ರೋಗದ ತನಿಖೆ ಮಾಡುವವರಿಗೆಂದೇ, ಒಂದು ಕೀಲಿಯನ್ನು ರಚಿಸಿದನು. ಆಸ್ಟ್ರೇಲಿಯ ಪ್ರದೇಶದ ಸಂಪುಟ ೨೦೦೭ರದು. ಈ ಕೊನೆಯ ಸಂಪುಟದ ಕರ್ತೃಗಳಲ್ಲಿ ಒಬ್ಬನಾದ ಡೈಸ್ ೧೯೬೯ರಲ್ಲಿಯೇ ಒಂದು ಸೊಗಸಾದ ಸಂಗತಿಯನ್ನು ತಿಳಿಸಿದ್ದನು: ಒಮ್ಮೆ ಮೊಟ್ಟೆಯಿಟ್ಟ ಹೆಣ್ಣು ನುಸಿಯ ಹೊಟ್ಟೆಯ ಗೋಡೆಯಲ್ಲಿ ದ್ರಾಕ್ಷಾರಸದ ಕೆಂಪು ಬಣ್ಣ ಸೇರಿಕೊಳ್ಳುತ್ತದೆ. ಮೊಟ್ಟೆಯಿಟ್ಟಿದೆಯೆಂದರೆ ಅದು ಹಿಂದೆ ರಕ್ತ ಕುಡಿದಿರುವುದೇ ಹೆಚ್ಚು; ರೋಗಾಣು ಇದ್ದರೆ ಅಂಥದರಲ್ಲಿ ಇರಬೇಕು. ಹೀಗೆ ರೆಕ್ಕೆಯಿಂದ ಕುಲಗೋತ್ರವನ್ನೂ ಹೊಟ್ಟೆಯಿಂದ ಪೂರ್ವಚರಿತ್ರೆಯನ್ನೂ, ಸೂಜಿ ಮುಟ್ಟಿಸದೆ, ಓದಿಕೊಳ್ಳಬಹುದಾಯಿತು.

ಭಾರತದ ನುಸಿಗಳ ಚರಿತ್ರೆಯ ಆರಂಭ ಕಲ್ಕತ್ತೆಯಲ್ಲಿ. ಅಲ್ಲಿನ ಇಂಡಿಯನ್ ಮ್ಯೂಸಿಯಮ್ಮಿನ ಸಂಗ್ರಹದಿಂದ ಪೆರಿಗ್ರೈನಸ್, ಆಕ್ಸಿಸ್ಟೋಮ ಮೊದಲಾದವನ್ನು ೧೯೧೦ರಲ್ಲಿ ವರ್ಣಿಸಿದವನು ಮೇಲೆ ಹೇಳಿದ ಕೀಫರನೇ. ಈತನು ಲೊರೇನ್ ಪ್ರಾಂತದ ಬಿಚ್ ಎಂಬ ಊರಿನಲ್ಲಿ ಅಧ್ಯಾಪಕನಾಗಿದ್ದ ಒಬ್ಬ ಪಾದ್ರಿ. ಅಪಾರವಾಗಿ ಬರೆದವನು, ಆದರೆ ವರ್ಣನೆಗಳು ಬಹಳ ಸಂಕ್ಷಿಪ್ತ. ಅವನ ನಾಲ್ಕು ಸಾಲುಗಳನ್ನು ಹಿಡಿದು ನುಸಿಯನ್ನು ಗುರುತಿಸಹೊರಟವರು ಪಟ್ಟ ಪಾಡು ಅಷ್ಟಿಷ್ಟಲ್ಲ. ೧೯೫೯ರಲ್ಲಿ ಸೇನ್ ಮತ್ತು ದಾಸ್‌ಗುಪ್ತ ಭಾರತದ ಕ್ಯೂಲಿಕಾಯ್ಡಿಸ್‌ಗಳನ್ನು ಕುರಿತು ವಿಸ್ತಾರವಾಗಿ ಬರೆದರು; ಕಲ್ಕತ್ತೆಯ ಮಗ್ಗುಲಿನ ಡಮ್‌ಡಮ್ ಊರಿನ ಹೆಸರನ್ನು ಹೊತ್ತ ಡಮ್‌ಡಮಿ ಎಂಬ ಪ್ರಭೇದ ಅವರು ಕೊಟ್ಟುದು. ಆಗ್ನೇಯ ಏಷ್ಯದ ಪ್ರಭೇದಗಳ ಮೇಲೆ ವರ್ತ್ ಮತ್ತು ಹ್ಯೂಬರ್ಟ್ ೧೯೮೯ರಲ್ಲಿ ಬರೆದ ಬೃಹದ್ಗ್ರಂಥವನ್ನು ನಮ್ಮವರೂ ಆಧಾರವಾಗಿಟ್ಟುಕೊಳ್ಳುತ್ತ ಬಂದಿದ್ದಾರೆ.

ಕರ್ನಾಟಕ ಮತ್ತು ತಮಿಳುನಾಡುಗಳಲ್ಲಿ ಕುರಿ ದನಗಳ ಬಳಿ ಹಿಡಿದ ನುಸಿಗಳನ್ನು ಡಿ.ಎನ್.ಎ. ಪರೀಕ್ಷೆಯಿಂದ ಗುರುತಿಸಿದ ಒಂದು ಅಧ್ಯಯನವು ೨೦೧೬ರಲ್ಲಿ ಪ್ರಕಟವಾಯಿತು. ಜೀವಕೋಶದಲ್ಲಿರುವ ಒಂದು ನಿರ್ದಿಷ್ಟ ಜೀನಿನ ಆರುನೂರು ಚಿಲ್ಲರೆ ಅಕ್ಷರಗಳನ್ನು ಓದಿ, ಅದನ್ನು ಪ್ರಭೇದದ ಮುದ್ರೆಯೆಂದು ಬಳಸುವ ವಿಧಾನ ಇದು. ಇಂಥ ಸಾಧನ ಬಂದಮೇಲೆ ರೆಕ್ಕೆಯನ್ನು ನೋಡುವ ಶ್ರಮವೇಕೆ ಎಂದು ಕೇಳುವವರಿದ್ದಾರೆ. ನನಗೆ ಆ ವಾದ ಒಪ್ಪಿಗೆಯಾಗಿಲ್ಲ. ಡಿ.ಎನ್.ಎ.ಯ ಅಕ್ಷರಮಾಲೆ ತನಗೆ ತಾನೇ ಹೆಸರು ಹೇಳುವುದಿಲ್ಲ. ಹೆಸರು ತಿಳಿದ ಒಂದು ನುಸಿಯ ಅಕ್ಷರಮಾಲೆಯೊಡನೆ ಅದನ್ನು ಹೋಲಿಸಬೇಕು, ಆ ಮೊದಲ ನುಸಿಗೆ ಹೆಸರು ಹೇಳಿದವನು ರೆಕ್ಕೆಯನ್ನು ನೋಡಿಯೇ ಹೇಳಿರಬೇಕು. ಅವನು ತಪ್ಪಿದ್ದರೆ ಯಂತ್ರವು ಆ ತಪ್ಪನ್ನೇ ಬಹಳ ನಿಖರವಾಗಿ ಪುನರುಚ್ಚರಿಸುತ್ತದೆ. ಅದೂ ಅಲ್ಲದೆ ಒಂದು ರಾತ್ರಿಯ ಐದು ಸಾವಿರ ನುಸಿಗಳ ಅಕ್ಷರಮಾಲೆಯನ್ನು ಓದಿಸುವಷ್ಟು ಹಣ ಯಾವ ಜಿಲ್ಲಾ ಪಶುವೈದ್ಯಶಾಲೆಯಲ್ಲಿದೆ? ಮೊದಲು ರೆಕ್ಕೆಯಿಂದ ರಾಶಿಗಳನ್ನು ಬೇರ್ಪಡಿಸಿ, ಪ್ರತಿ ರಾಶಿಯಿಂದ ನಾಲ್ಕಾರನ್ನು ಪರೀಕ್ಷೆಗೆ ಕಳಿಸುವುದೇ ಕಾರ್ಯಸಾಧ್ಯವಾದ ಕ್ರಮ. ಇನ್ನೊಂದು ಕಡೆ, ಒಂದೇ ಮಚ್ಚೆಯ ವಿನ್ಯಾಸದ ಹಿಂದೆ ಎರಡು ಮೂರು ಗುಪ್ತ ಪ್ರಭೇದಗಳು ಅಡಗಿರುವುದನ್ನು ಈ ಪರೀಕ್ಷೆಗಳು ಮತ್ತೆ ಮತ್ತೆ ಹೊರಗೆಡಹಿವೆ ಎಂಬುದನ್ನೂ ರೆಕ್ಕೆಯ ಪಕ್ಷದವರು ಒಪ್ಪಬೇಕು. ಅಂಥ ಸಂದರ್ಭದಲ್ಲಿ ಮತ್ತೆ ರೆಕ್ಕೆಗೆ ಹಿಂತಿರುಗಿ ನೋಡಿದರೆ ಮೊದಲು ಕಾಣದ ಸಣ್ಣ ಭೇದವೊಂದು ಕಾಣಿಸುವುದೂ ಉಂಟು.

ಊರಿಗೆ ಹೋದಾಗ ಇದನ್ನು ತಾವೇ ನೋಡಬಯಸುವ ವಾಚಕರಿಗೆ ಹೆಚ್ಚಿನ ಸಾಮಗ್ರಿಯೇನೂ ಬೇಕಿಲ್ಲ. ಮಳೆ ನಿಂತ ಸಂಜೆ, ಗಾಳಿಯಿಲ್ಲದಾಗ, ಕೊಟ್ಟಿಗೆಯ ಬಾಗಿಲಲ್ಲಿ ದೀಪವನ್ನು ತೂಗುಹಾಕಿ ಕೆಳಗೆ ಅಗಲವಾದ ತಟ್ಟೆಯಲ್ಲಿ ನೀರಿಟ್ಟು ಎರಡು ಹನಿ ಸಾಬೂನಿನ ದ್ರವ ಬೆರೆಸಬೇಕು. ಬೆಳಗಾಗುವಷ್ಟರಲ್ಲಿ ತಟ್ಟೆಯಲ್ಲಿ ಪತಂಗಗಳೂ ಜೀರುಂಡೆಗಳೂ ತುಂಬಿರುತ್ತವೆ. ಅವನ್ನೆಲ್ಲ ತೆಗೆದುಹಾಕಿದಮೇಲೆ ತಳದಲ್ಲಿ ಉಳಿಯುವ ಮೆಣಸಿನ ಪುಡಿಯಂಥ ಕಣಗಳನ್ನು ಚೆಲ್ಲಬಾರದು. ಅವುಗಳನ್ನು ಕುಂಚದ ತುದಿಯಿಂದ ಎತ್ತಿ ಬಿಳಿಯ ಪಿಂಗಾಣಿಯ ಮೇಲೆ ಹನಿನೀರಿನಲ್ಲಿ ಹರಡಿ, ಇಪ್ಪತ್ತು ಪಟ್ಟು ಹಿಗ್ಗಿಸುವ ಮಸೂರದಿಂದ ನೋಡಬೇಕು. ಮೊದಲ ಕೆಲವು ನಿಮಿಷ ಬರಿಯ ಬೂದು ಬಣ್ಣವೇ ಕಾಣುತ್ತದೆ. ಆಮೇಲೆ ಮುಂದಿನ ಅಂಚಿನ ನಡುವೆ ಒಂದು ಕಪ್ಪು ಮಚ್ಚೆ, ಅದರ ಎರಡು ಮಗ್ಗುಲಿಗೂ ಎರಡು ಬಿಳಿಯ ಕಿಂಡಿಗಳು ನಿಧಾನವಾಗಿ ಎದ್ದು ಬರುತ್ತವೆ. ಎರಡನೆಯ ರೇಡಿಯಲ್ ಮನೆಯನ್ನು ಅಲ್ಲಿಯೇ ಹುಡುಕಬೇಕು.